ರೋಟರಿ ಎಂಜಿನ್ನಿನ ವಿಮಾನಕ್ಕೆ ಆಯಿಲ್ ಕೂಲರ್: ಆಯ್ಕೆಯ ಲೆಕ್ಕಾಚಾರ

ಸ್ವಂತ ವಿಮಾನವನ್ನು ಸ್ವಂತ ಕೈಯಿಂದಲೇ ಕಟ್ಟಿ ಹಾರಿಸುವ ಹವ್ಯಾಸ ಅಮೆರಿಕದಲ್ಲಿ ಬಹಳ ಹಿಂದಿನಿಂದಲೂ ಬೇರೂರಿದೆ. 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಪಾಲ್ ಪೊಬೆರೆಜ್ನಿ ಅವರ ಮುಂದಾಳತ್ವದಲ್ಲಿ ಹುಟ್ಟಿಕೊಂಡ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಎಂಬ ಸಂಘ ಅದೇ ರಾಜ್ಯದ ಆಶ್‌ಕಾಶ್ ಪಟ್ಟಣದಲ್ಲಿ ಬೇಸಿಗೆಯಲ್ಲಿ ನಡೆಸುವ ವಿಮಾನ ಮೇಳಕ್ಕೆ ಇಂಥ ಸಾವಿರಾರು ಹವ್ಯಾಸಿಗಳು ಸೇರುತ್ತಾರೆ. ವಿಮಾನ ಕಟ್ಟುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹವ್ಯಾಸಿಗಳೇ ಕಲಿಕೆಗಾಗಿ ಅಥವಾ ಮನರಂಜನೆಗಾಗಿ ಮಾಡಿದ್ದರೆ ಅಲ್ಲಿನ ವಿಮಾನಯಾನ ಆಡಳಿತವಾದ ಎಫ್‌ಎಎ ಅದನ್ನು ಪ್ರಾಯೋಗಿಕ ವರ್ಗದ ವಿಮಾನವೆಂದು ಒಪ್ಪುತ್ತದೆ, ಮತ್ತು ಈ ವರ್ಗದಲ್ಲಿ ಎಂಜಿನ್ನಿಗೆ ಸರ್ಕಾರದ ಪ್ರಮಾಣಪತ್ರ ಇರಲೇಬೇಕೆಂಬ ಕಟ್ಟುಪಾಡಿಲ್ಲ. ದುಬಾರಿಯಾದ ಲೈಕಮಿಂಗ್ ಅಥವಾ ಕಾಂಟಿನೆಂಟಲ್ ವಿಮಾನ ಎಂಜಿನ್ನುಗಳ ಬದಲಿಗೆ ಕಾರಿನ ಎಂಜಿನ್ನನ್ನು ಕೂರಿಸುವವರಿಗೆ ದಾರಿ ತೆರೆದದ್ದು ಈ ಸಡಿಲಿಕೆಯೇ. ಆದರೆ ವಿಮಾನ ಎಂಜಿನ್ನಿನ ತಯಾರಕರು ದಶಕಗಳ ಕಾಲ ಮಾಡಿಟ್ಟ ಲೆಕ್ಕಗಳನ್ನೆಲ್ಲ ಅಂಥವರು ಹೊಸದಾಗಿ ತಾವೇ ಮಾಡಿಕೊಳ್ಳಬೇಕಾಗುತ್ತದೆ, ಮತ್ತು ಆ ಲೆಕ್ಕಗಳಲ್ಲಿ ಅತ್ಯಂತ ಹೆಚ್ಚು ತಲೆನೋವು ತರುವುದು ಎಂಜಿನ್ನನ್ನು ತಣಿಸುವ ಲೆಕ್ಕ.

ಹೀಗೆ ವಿಮಾನಕ್ಕೇರಿದ ಕಾರ್ ಎಂಜಿನ್ನುಗಳಲ್ಲಿ ಜಪಾನಿನ ಮಾಜ್ದಾ ಕಂಪನಿಯ 13ಬಿ ಎಂಬ ರೋಟರಿ ಎಂಜಿನ್ನಿಗೆ ವಿಶೇಷ ಅಭಿಮಾನಿ ಬಳಗವಿದೆ. ರೋಟರಿ ಎಂಬ ಹೆಸರು ವಿಮಾನ ಚರಿತ್ರೆಯಲ್ಲಿ ಎರಡು ಬೇರೆ ಬೇರೆ ಯಂತ್ರಗಳಿಗೆ ಸಲ್ಲುವುದರಿಂದ ಇಲ್ಲೊಂದು ಸ್ಪಷ್ಟನೆ ಅಗತ್ಯ. ಮೊದಲನೆಯ ಮಹಾಯುದ್ಧದ ಕಾಲದ ನೋಮ್, ಲ ರೋನ್ ಮೊದಲಾದ ಎಂಜಿನ್ನುಗಳಲ್ಲಿ ಸಿಲಿಂಡರುಗಳೇ ಪ್ರೊಪೆಲರಿನೊಂದಿಗೆ ಗಿರಗಿರನೆ ಸುತ್ತುತ್ತಿದ್ದವು. ಅವು ಹರಳೆಣ್ಣೆಯನ್ನು ಒಮ್ಮೆ ಬಳಸಿ ಹೊರಗೆ ಉಗುಳಿಬಿಡುತ್ತಿದ್ದುದರಿಂದ ಎಣ್ಣೆಯನ್ನು ತಣಿಸಿ ಮರಳಿ ಬಳಸುವ ಪ್ರಶ್ನೆಯೇ ಅಲ್ಲಿರಲಿಲ್ಲ. ಆ ಎಣ್ಣೆಯ ಹೊಗೆಯನ್ನು ಕುಡಿದ ಪೈಲಟ್‌ಗಳ ಹೊಟ್ಟೆ ಕೆಡುತ್ತಿದ್ದುದು ಬೇರೆ ಮಾತು. ಈ ಲೇಖನದ ವಿಷಯವಾದ ರೋಟರಿ ಎಂಜಿನ್ ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರ ಕಲ್ಪನೆಯಿಂದ ಮೂಡಿ, 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಬಾರಿಗೆ ಓಡಿ, 1967ರಿಂದ ಮಾಜ್ದಾ ಕಾರುಗಳಲ್ಲಿ ಬಳಕೆಗೆ ಬಂದದ್ದು. ಕರ್ನಾಟಕಕ್ಕೂ ಇದು ತೀರ ಅಪರಿಚಿತವಲ್ಲ: ಬೆಂಗಳೂರಿನ ಎನ್‌ಎಎಲ್ ಮತ್ತು ಎಡಿಇ, ಅಹ್ಮದ್‌ನಗರದ ವಿಆರ್‌ಡಿಇ ಸಂಸ್ಥೆಗಳು ಕೂಡಿ ರೂಪಿಸಿದ 55 ಅಶ್ವಶಕ್ತಿಯ ವಾಂಕೆಲ್ ಎಂಜಿನ್ 2009ರಲ್ಲಿ ಕೋಲಾರದ ಬಳಿ ‘ನಿಶಾಂತ್’ ಎಂಬ ಪೈಲಟ್‌ರಹಿತ ವಿಮಾನವನ್ನು ಹಾರಿಸಿತ್ತು.

ವಾಂಕೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ನಡು ಕೊಂಚ ಒಳಸರಿದ ಅಂಡಾಕಾರದ ಕವಚವೊಂದರೊಳಗೆ, ಬದಿಗಳು ಉಬ್ಬಿದ ತ್ರಿಕೋನಾಕಾರದ ರೋಟರ್ ಸುತ್ತುತ್ತದೆ. ಅದರ ಮೂರು ಮೂಲೆಗಳು ಕವಚದ ಗೋಡೆಯನ್ನು ಸದಾ ಒತ್ತಿಕೊಂಡೇ ಸಾಗುವುದರಿಂದ ನಡುವೆ ಮೂರು ಕೋಣೆಗಳು ಏರ್ಪಟ್ಟು, ಪ್ರತಿ ಕೋಣೆಯೂ ಹಿಗ್ಗುತ್ತ ಕುಗ್ಗುತ್ತ ಗಾಳಿ-ಪೆಟ್ರೋಲನ್ನು ಒಳಗೆಳೆದು, ಅದುಮಿ, ಉರಿಸಿ, ಹೊರಹಾಕುತ್ತದೆ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಅದರ ನಡುವಿನ ಎಕ್ಸೆಂಟ್ರಿಕ್ ಶಾಫ್ಟ್ ಮೂರು ಸುತ್ತು ಸುತ್ತಿರುತ್ತದೆ. 13ಬಿ ಎಂಜಿನ್ನಿನಲ್ಲಿ ಇಂಥ ಎರಡು ರೋಟರುಗಳಿದ್ದು, ಒಂದೊಂದರ ಗಾತ್ರ 654 ಘನ ಸೆಂಟಿಮೀಟರ್. ವಿಮಾನದಲ್ಲಿ ಈ ಶಾಫ್ಟ್ ನಿಮಿಷಕ್ಕೆ 6,000 ಸುತ್ತಿನ ಆಸುಪಾಸಿನಲ್ಲಿ ಓಡುವುದರಿಂದ, ಅದನ್ನು ಪ್ರೊಪೆಲರ್ ತಾಳಿಕೊಳ್ಳುವ 2,000ದಿಂದ 2,800 ಸುತ್ತಿಗೆ ಇಳಿಸಲು ಗೇರ್‌ಬಾಕ್ಸ್ ಬೇಕು, ಮತ್ತು ಬಹುಪಾಲು ಗೇರ್‌ಬಾಕ್ಸುಗಳು ಎಂಜಿನ್ನಿನ ಎಣ್ಣೆಯನ್ನೇ ಹಂಚಿಕೊಳ್ಳುತ್ತವೆ.

ಸಾಮಾನ್ಯ ಎಂಜಿನ್ನಿನಲ್ಲಿ ಎಣ್ಣೆಯ ಮುಖ್ಯ ಕೆಲಸ ಲೋಹ ಲೋಹಕ್ಕೆ ತಿಕ್ಕದಂತೆ ನೋಡಿಕೊಳ್ಳುವುದು. ಶಾಖವನ್ನು ಹೊತ್ತೊಯ್ಯುವುದು ಅದರ ಉಪಕಸುಬು. ಮಾಜ್ದಾ ರೋಟರಿಯಲ್ಲಿ ಈ ಎರಡನೆಯ ಕೆಲಸವೂ ಮೊದಲನೆಯದರಷ್ಟೇ ಮುಖ್ಯ. ಹೊರಕವಚದ ಸುತ್ತ ನೀರು ಹರಿಯುತ್ತದೆ, ಸರಿ. ಆದರೆ ಮೂರು ಮುಖಗಳಲ್ಲೂ ಸರದಿಯಂತೆ ಬೆಂಕಿಗೆ ಒಡ್ಡಿಕೊಳ್ಳುವ ಎರಕದ ಕಬ್ಬಿಣದ ರೋಟರ್ ಇರುವುದು ಕವಚದ ನಡುವೆ, ಅಲ್ಲಿಗೆ ನೀರು ತಲುಪುವಂತಿಲ್ಲ. ಆದ್ದರಿಂದ ಶಾಫ್ಟಿನೊಳಗಿನ ಸಣ್ಣ ಜೆಟ್‌ಗಳಿಂದ ಎಣ್ಣೆಯನ್ನು ಟೊಳ್ಳಾದ ರೋಟರಿನ ಒಳಮೈಗೆ ಚಿಮ್ಮಿಸಲಾಗುತ್ತದೆ. ಅದು ಅಲ್ಲಿನ ಶಾಖವನ್ನು ಹೀರಿಕೊಂಡು, ರೋಟರಿನ ಓಲಾಟಕ್ಕೆ ಸಿಕ್ಕಿ ಹೊರಚೆಲ್ಲಿ, ತಳದ ತೊಟ್ಟಿಗೆ ಇಳಿಯುತ್ತದೆ. ಬೇರೆ ದಾರಿಗಳನ್ನೂ ಹುಡುಕಿದವರಿದ್ದಾರೆ. ಇಂಗ್ಲೆಂಡಿನ ನಾರ್ಟನ್ ರೋಟರಿ ಮೋಟಾರ್‌ಸೈಕಲ್ಲಿನಲ್ಲಿ ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯನ್ನೇ ರೋಟರಿನ ಮೂಲಕ ಹಾಯಿಸಿ ತಣಿಸಲಾಗುತ್ತಿತ್ತು. ಮಾಜ್ದಾ ಆರಿಸಿಕೊಂಡದ್ದು ಎಣ್ಣೆಯನ್ನು. ಹೀಗಾಗಿ ತಣಿಸುವ ವ್ಯವಸ್ಥೆ ಹೊರಹಾಕಬೇಕಾದ ಒಟ್ಟು ಶಾಖದಲ್ಲಿ ಮೂರನೇ ಎರಡು ಪಾಲನ್ನು ನೀರೂ ಮೂರನೇ ಒಂದು ಪಾಲನ್ನು ಎಣ್ಣೆಯೂ ಹೊರುತ್ತವೆ ಎಂಬುದು ಈ ಎಂಜಿನ್ನಿನೊಂದಿಗೆ ಒಡನಾಡಿದವರು ಇಟ್ಟುಕೊಂಡಿರುವ ಸ್ಥೂಲ ಲೆಕ್ಕ. ಅಷ್ಟೇ ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ನಿಗೆ ಸಾಕಾಗುವ ಕೂಲರ್ ಇಲ್ಲಿ ಸಾಲದಾಗುವುದು ಇದೇ ಕಾರಣಕ್ಕೆ.

ಅಂಕಿಗಳಲ್ಲಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಎಂಜಿನ್ 180 ಅಶ್ವಶಕ್ತಿ ಕೊಡುತ್ತಿದೆ ಎಂದಿಟ್ಟುಕೊಳ್ಳೋಣ, ಅಂದರೆ ಸುಮಾರು 134 ಕಿಲೋವಾಟ್. ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಶಾಫ್ಟಿಗೆ ದಕ್ಕಿ, ಬಹುಪಾಲು ಸೈಲೆನ್ಸರಿನ ದಾರಿ ಹಿಡಿದು, ಉಳಿದ ನೂರು ಕಿಲೋವಾಟಿನ ಆಸುಪಾಸಿನ ಶಾಖ ನೀರು ಮತ್ತು ಎಣ್ಣೆಯ ಪಾಲಿಗೆ ಬರುತ್ತದೆ. ಅದರಲ್ಲಿ ಎಣ್ಣೆಯ ಭಾಗ ಸುಮಾರು 35 ಕಿಲೋವಾಟ್ ಎಂದಿಟ್ಟುಕೊಂಡರೆ, ಸ್ನಾನದ ಮನೆಯ 2 ಕಿಲೋವಾಟಿನ ಗೀಸರುಗಳು ಹದಿನೇಳು ಒಟ್ಟಿಗೆ ಉರಿದಷ್ಟು ಶಾಖವನ್ನು ಎರಡು ಕೈಯಲ್ಲಿ ಹಿಡಿಯಬಹುದಾದ ಅಲ್ಯೂಮಿನಿಯಂ ಪೆಟ್ಟಿಗೆಯೊಂದು ಬಿಡುವಿಲ್ಲದೆ ಗಾಳಿಗೆ ಒಪ್ಪಿಸಬೇಕು. ನಿಮಿಷಕ್ಕೆ 40 ಲೀಟರ್ ಎಣ್ಣೆ ಹರಿಯುತ್ತಿದ್ದರೆ ಈ ಕೆಲಸದಲ್ಲಿ ಎಣ್ಣೆಯ ಉಷ್ಣತೆ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ: 115ರಲ್ಲಿ ಒಳಹೊಕ್ಕದ್ದು 85ರಲ್ಲಿ ಹೊರಬರುತ್ತದೆ.

ಈ 30 ಡಿಗ್ರಿಯ ಅಂತರದಿಂದ ಒಂದು ಗೊಂದಲ ಹುಟ್ಟುತ್ತದೆ. ಎಣ್ಣೆಯ ಉಷ್ಣತೆ ಇಷ್ಟು ಎಂದು ಹೇಳುವಾಗ ಅದನ್ನು ಕೂಲರಿಗೆ ಮೊದಲು ಅಳೆದದ್ದೋ ನಂತರ ಅಳೆದದ್ದೋ ಎಂಬುದನ್ನು ಹೇಳದಿದ್ದರೆ ಆ ಅಂಕಿಗೆ ಅರ್ಥವೇ ಇರುವುದಿಲ್ಲ. ಇಬ್ಬರು ಹವ್ಯಾಸಿಗಳು ತಮ್ಮ ಕೂಲರುಗಳನ್ನು ಹೋಲಿಸಿಕೊಂಡು ಜಗಳವಾಡುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ. ಬೇರಿಂಗ್‌ಗಳಿಗೂ ರೋಟರಿಗೂ ತಲುಪುವ ಎಣ್ಣೆ, ಅಂದರೆ ಕೂಲರಿನಿಂದ ಹೊರಬಂದದ್ದು, 80ರಿಂದ 95 ಡಿಗ್ರಿಯ ನಡುವೆ ಇರುವುದು ಒಳ್ಳೆಯದು. ಅದಕ್ಕಿಂತ ಬಹಳ ಕಡಿಮೆಯಾದರೆ ದಹನದಿಂದ ಎಣ್ಣೆಗೆ ಸೇರುವ ನೀರಿನ ಪಸೆ ಆವಿಯಾಗದೆ ಉಳಿದು ಒಳಭಾಗಗಳಿಗೆ ತುಕ್ಕು ಹಿಡಿಸುತ್ತದೆ. ಹೆಚ್ಚಾದರೆ ಎಣ್ಣೆ ತೆಳುವಾಗಿ ಬೇರಿಂಗಿನ ರಕ್ಷಣೆ ಕುಗ್ಗುವುದಲ್ಲದೆ, ರೋಟರಿನ ಪಕ್ಕದ ಎಣ್ಣೆ ಉಂಗುರಗಳ ಅಡಿಯಲ್ಲಿರುವ ರಬ್ಬರಿನ ಓ-ರಿಂಗ್‌ಗಳು ಬೆಂದು ಗಟ್ಟಿಯಾಗುತ್ತವೆ. ಒಮ್ಮೆ ಗಟ್ಟಿಯಾದ ಓ-ರಿಂಗ್ ಮತ್ತೆ ಮೆದುವಾಗುವುದಿಲ್ಲ. ಅದರ ಬದಿಯಿಂದ ಎಣ್ಣೆ ದಹನ ಕೋಣೆಗೆ ಜಿನುಗಿ ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿದರೆ, ಎಂಜಿನ್ನನ್ನು ಪೂರ್ತಿ ಬಿಚ್ಚದೆ ಬೇರೆ ಪರಿಹಾರವಿಲ್ಲ.

ಕೂಲರಿನ ಆಯ್ಕೆಯಲ್ಲಿ ಹೊಸಬರು ಮೊದಲು ಕೇಳುವ ಪ್ರಶ್ನೆ ಯಾವ ಕಂಪನಿಯದು, ಎಷ್ಟು ಸಾಲಿನದು ಎಂಬುದು. ಮೊದಲು ಕೇಳಬೇಕಾದದ್ದು ಗಾಳಿ ಎಷ್ಟು ಬೇಕು, ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು. 35 ಡಿಗ್ರಿಯ ಬೇಸಿಗೆಯ ದಿನ ಗಾಳಿ ಕೂಲರನ್ನು ಹಾಯುವಾಗ 40 ಡಿಗ್ರಿಯಷ್ಟು ಬಿಸಿಯಾಗಿ ಹೊರಬೀಳುತ್ತದೆ ಎಂದು ಹಿಡಿದರೆ, 35 ಕಿಲೋವಾಟ್ ಶಾಖವನ್ನು ಒಯ್ಯಲು ಸೆಕೆಂಡಿಗೆ ಸುಮಾರು 0.9 ಕಿಲೋಗ್ರಾಂ, ಅಂದರೆ ಮುಕ್ಕಾಲು ಘನ ಮೀಟರ್ ಗಾಳಿ ಬೇಕು. ವಿಮಾನ ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 50 ಮೀಟರಿನಂತೆ ಮೇಲೇರುತ್ತಿದ್ದರೆ ಇಷ್ಟು ಗಾಳಿಯನ್ನು ಹಿಡಿಯಲು 150 ಚದರ ಸೆಂಟಿಮೀಟರಿನ ಬಾಯಿ ಸಾಕು. ಅದು 14 ಸೆಂಟಿಮೀಟರ್ ವ್ಯಾಸದ ಒಂದು ವೃತ್ತ. ಅದೇ ವಿಮಾನ ಮಟ್ಟಸ ಹಾರಾಟದಲ್ಲಿ ಮೂರನೇ ಎರಡು ಪಾಲು ಶಕ್ತಿಯಲ್ಲಿ ಹೆಚ್ಚು ವೇಗದಿಂದ ಸಾಗುವಾಗ ಅದರ ಅರ್ಧದಷ್ಟು ಬಾಯಿಯೂ ಬೇಕಾಗುವುದಿಲ್ಲ. ಆದ್ದರಿಂದ ಕೂಲರಿನ ಅಳತೆ ನಿರ್ಧಾರವಾಗುವುದು ಪೂರ್ಣ ಶಕ್ತಿಯಲ್ಲಿ, ಕಡಿಮೆ ವೇಗದಲ್ಲಿ, ಸೆಕೆಯ ದಿನದಲ್ಲಿ ಮೇಲೇರುವ ಆ ಕೆಲವು ನಿಮಿಷಗಳಲ್ಲಿ; ಉಳಿದ ಹೊತ್ತಿನಲ್ಲಿ ಅದು ಅಗತ್ಯಕ್ಕಿಂತ ದೊಡ್ಡದಾಗಿಯೇ ಇರುತ್ತದೆ.

ಗಾಳಿಯನ್ನು ಕೂಲರಿನ ಫಿನ್‌ಗಳ, ಅಂದರೆ ತೆಳುವಾದ ಲೋಹದ ಎಸಳುಗಳ, ನಡುವೆ ತಳ್ಳುವ ಒತ್ತಡವೂ ವಿಮಾನದ ವೇಗದಿಂದಲೇ ಬರಬೇಕು. ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಎದುರುಗಾಳಿಯನ್ನು ಪೂರ್ತಿಯಾಗಿ ತಡೆದು ನಿಲ್ಲಿಸಿದರೆ ಸಿಗುವ ಒತ್ತಡ ಸುಮಾರು 1,400 ಪಾಸ್ಕಲ್, ಅಂದರೆ ಹದಿನಾಲ್ಕೂವರೆ ಸೆಂಟಿಮೀಟರ್ ಎತ್ತರದ ನೀರಿನ ಒತ್ತಡದಷ್ಟು. ಕೇಳಲು ಅಲ್ಪವೆನಿಸಿದರೂ, ಕಾರಿಗೆ ಹೋಲಿಸಿದರೆ ಇದು ದೊಡ್ಡ ಬಂಡವಾಳ. ವೇಗ ಕಡಿಮೆಯಿರುವ ಕಾರಿಗೆ ಅಗಲವಾದ, ತೆಳುವಾದ ಕೂಲರ್ ಹೊಂದಿದರೆ, ಒತ್ತಡ ಹೇರಳವಾಗಿರುವ ವಿಮಾನಕ್ಕೆ ಮುಖ ಚಿಕ್ಕದಾಗಿ ದಪ್ಪ ಹೆಚ್ಚಿರುವ ಕೂಲರ್ ಹೊಂದುತ್ತದೆ. ಕಾರಿನ ಕೂಲರನ್ನು ಹಾಗೆಯೇ ತಂದು ಮೂತಿಯೊಳಗೆ ತುರುಕಿದವರು ಜಾಗ ಸಾಲದೆ ಪರದಾಡುವುದು ಈ ವ್ಯತ್ಯಾಸವನ್ನು ಗಮನಿಸದ ಕಾರಣ.

ಆದರೆ ಈ ಒತ್ತಡ ತಾನಾಗಿ ಕೈಗೆ ಬರುವುದಿಲ್ಲ. 14 ಸೆಂಟಿಮೀಟರಿನ ಬಾಯಿಯಿಂದ ನುಗ್ಗಿದ ಗಾಳಿ 30 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಎತ್ತರದ ಕೂಲರಿನ ಮುಖಕ್ಕೆ ಹರಡಿಕೊಳ್ಳುವಷ್ಟರಲ್ಲಿ ಅದರ ವೇಗ ನಾಲ್ಕನೇ ಒಂದಕ್ಕೆ ಇಳಿದಿರಬೇಕು. ವೇಗವಾಗಿದ್ದ ಶಕ್ತಿ ಆಗ ಒತ್ತಡವಾಗಿ ಮಾರ್ಪಟ್ಟಿರುತ್ತದೆ. ಈ ಮಾರ್ಪಾಟನ್ನು ಮಾಡುವ, ಮುಂದೆ ಕಿರಿದಾಗಿ ಹಿಂದೆ ಅಗಲವಾಗುವ ಕೊಳವೆಗೆ ಡಿಫ್ಯೂಸರ್ ಎಂದು ಹೆಸರು. ಅದರ ಗೋಡೆಗಳು ತಟ್ಟನೆ ಅಗಲವಾದರೆ ಗಾಳಿ ಗೋಡೆಯನ್ನು ಬಿಟ್ಟು ಸುಳಿಗಟ್ಟಿ, ಕೂಲರಿನ ನಡುಭಾಗಕ್ಕೆ ಮಾತ್ರ ಬಡಿದು, ಮೂಲೆಗಳಲ್ಲಿ ಹಿಮ್ಮುಖವಾಗಿಯೂ ಹರಿಯುತ್ತದೆ. ಪುಸ್ತಕದಲ್ಲಿರುವಂತೆ ಏಳು ಡಿಗ್ರಿ ಕೋನದಲ್ಲಿ ನಿಧಾನವಾಗಿ ಅಗಲಿಸುತ್ತ ಹೋದರೆ ಇಷ್ಟಕ್ಕೇ ಒಂದು ಮೀಟರಿಗಿಂತ ಉದ್ದದ ಕೊಳವೆ ಬೇಕಾಗಿ, ಚಿಕ್ಕ ವಿಮಾನದ ಎಂಜಿನ್ ಮುಚ್ಚಳವಾದ ಕೌಲಿಂಗಿನಲ್ಲಿ ಅದಕ್ಕೆ ಜಾಗವಿರುವುದಿಲ್ಲ. ಇದಕ್ಕೆ ಪರಿಹಾರವಾಗಿ ಹವ್ಯಾಸಿಗಳು ಮೊರೆಹೋಗುವುದು ಡೀಟ್ರಿಕ್ ಕ್ಯುಷೆಮನ್ ಮತ್ತು ಯೊಹಾನಾ ವೆಬರ್ 1953ರಲ್ಲಿ ಪ್ರಕಟಿಸಿದ ಗ್ರಂಥವೊಂದಕ್ಕೆ. ಕೂಲರಿನ ಫಿನ್‌ಗಳೇ ಗಾಳಿಗೆ ತಡೆಯೊಡ್ಡಿ ಅದು ಸಮನಾಗಿ ಹರಡಿಕೊಳ್ಳಲು ನೆರವಾಗುವುದರಿಂದ, ಕೊಳವೆಯನ್ನು ಬಹುದೂರ ಹೆಚ್ಚುಕಡಿಮೆ ಒಂದೇ ಅಗಲದಲ್ಲಿ ಒಯ್ದು, ಕೂಲರಿನ ಹತ್ತಿರಕ್ಕೆ ಬಂದಾಗ ಕಹಳೆಯ ಬಾಯಿಯಂತೆ ಅಗಲಿಸಬಹುದು ಎಂಬುದು ಅಲ್ಲಿಂದ ಅವರು ಪಡೆದುಕೊಂಡ ತಿಳಿವಳಿಕೆ.

ಕೊಳವೆಗೂ ಕೂಲರಿಗೂ ನಡುವೆ ಒಂದು ಬೆರಳು ತೂರುವಷ್ಟು ಸಂದಿ ಉಳಿದರೂ ಗಾಳಿ ಫಿನ್‌ಗಳ ಇಕ್ಕಟ್ಟನ್ನು ಬಿಟ್ಟು ಅಲ್ಲಿಂದಲೇ ನುಸುಳಿಹೋಗುತ್ತದೆ. ಅಂಚನ್ನು ಸುತ್ತಲೂ ಸಿಲಿಕೋನ್‌ನಿಂದ ಮುಚ್ಚುವ ಅರ್ಧ ಗಂಟೆಯ ಕೆಲಸ ದುಬಾರಿ ಕೂಲರೊಂದನ್ನು ಕೊಂಡದ್ದಕ್ಕಿಂತ ಹೆಚ್ಚು ಫಲ ಕೊಟ್ಟ ಉದಾಹರಣೆಗಳಿವೆ. ಒಳಬಾಯಿಗೆ ಕೊಡುವ ಗಮನವನ್ನು ಹೊರಬಾಯಿಗೂ ಕೊಡಬೇಕು. ಬಿಸಿಯಾದ ಗಾಳಿ ಹಿಗ್ಗುವುದರಿಂದ ಅದು ಹೊರಹೋಗುವ ದಾರಿ ಕಿರಿದಾಗಿದ್ದರೆ ಕೌಲಿಂಗಿನೊಳಗೇ ಒತ್ತಡ ಏರಿ, ಮುಂದಿನಿಂದ ಬರುವ ಗಾಳಿಗೆ ನುಗ್ಗಲು ಎಡೆಯೇ ಇಲ್ಲದಂತಾಗುತ್ತದೆ. ಹೊರಬಾಯಿಗೆ ತೆರೆದು ಮುಚ್ಚಬಹುದಾದ ರೆಕ್ಕೆಬಾಗಿಲನ್ನು ಇಟ್ಟರೆ ಮೇಲೇರುವಾಗ ಅಗಲಿಸಿ, ಮಟ್ಟಸವಾಗಿ ಹಾರುವಾಗ ಕಿರಿದಾಗಿಸಿ, ಗಾಳಿಯ ಎಳೆತವನ್ನು ತಗ್ಗಿಸಬಹುದು. ಬ್ರಿಟನ್ನಿನ ಫಾರ್ನ್‌ಬರೋದ ಸಂಶೋಧನಾಲಯದಲ್ಲಿ ಎಫ್. ಡಬ್ಲ್ಯು. ಮೆರೆಡಿತ್ 1930ರ ದಶಕದಲ್ಲಿ ತೋರಿಸಿಕೊಟ್ಟಂತೆ, ರೇಡಿಯೇಟರಿನಲ್ಲಿ ಬಿಸಿಯಾದ ಗಾಳಿಯನ್ನು ಕಿರಿದಾದ ಹೊರಬಾಯಿಯಿಂದ ವೇಗವಾಗಿ ಹಿಂದಕ್ಕೆ ಚಿಮ್ಮಿಸಿದರೆ ಎಳೆತದ ಒಂದು ಪಾಲು ವಸೂಲಾಗುತ್ತದೆ. ಎರಡನೆಯ ಮಹಾಯುದ್ಧದ ಮಸ್ಟಾಂಗ್ ವಿಮಾನದ ಹೊಟ್ಟೆಯಡಿಯ ಗಾಳಿಬಾಯಿ ಈ ತತ್ತ್ವಕ್ಕೆ ಪ್ರಸಿದ್ಧ ನಿದರ್ಶನ. ಆ ಗಾಳಿಬಾಯಿ ವಿಮಾನದ ಮೈಯಿಂದ ತುಸು ಅಂತರ ಬಿಟ್ಟು ನಿಂತಿರುವುದೂ ಗಮನಾರ್ಹ, ಏಕೆಂದರೆ ಮೈಗೆ ಅಂಟಿಕೊಂಡು ಹರಿಯುವ ಗಾಳಿಯ ಪದರದಲ್ಲಿ ಕಸುವಿರುವುದಿಲ್ಲ. ಬರ್ಟ್ ರುಟಾನ್ ಅವರ ಲಾಂಗ್-ಈಜಿಯಂತೆ ಎಂಜಿನ್ ಹಿಂಬದಿಯಲ್ಲಿರುವ ವಿಮಾನಗಳಲ್ಲಿ ಈ ಪದರ ಗಾಳಿಬಾಯಿಯವರೆಗೆ ಬರುವಷ್ಟರಲ್ಲಿ ದಪ್ಪಗಾಗಿರುತ್ತದೆ. ನೆಲದ ಮೇಲೆ ನಿಂತಾಗ ಪ್ರೊಪೆಲರಿನ ಗಾಳಿಯೂ ಕೂಲರಿಗೆ ನೇರವಾಗಿ ಬಡಿಯುವುದಿಲ್ಲವಾದ್ದರಿಂದ ಅವುಗಳ ಕಷ್ಟ ಇಮ್ಮಡಿ. ಜಾಗ ಉಳಿಸಲೆಂದು ಆಯಿಲ್ ಕೂಲರನ್ನು ನೀರಿನ ರೇಡಿಯೇಟರಿನ ಬೆನ್ನಿಗೆ ಅಂಟಿಸುವುದು ಎಲ್ಲ ಬಗೆಯ ವಿಮಾನಗಳಲ್ಲೂ ಕೆಟ್ಟ ಉಳಿತಾಯವೇ. ಆಗಲೇ ಬಿಸಿಯಾದ ಗಾಳಿ ಎಣ್ಣೆಯ ಶಾಖವನ್ನು ಎಷ್ಟು ತಾನೇ ಹೊತ್ತೀತು?

ಇನ್ನು ಎಣ್ಣೆಯ ಕಡೆಯಿಂದ ನೋಡಿದರೆ ಅಲ್ಲಿ ಬೇರೆಯದೇ ತೊಡಕುಗಳಿವೆ. ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ಅಂಟಂಟಾದ ಪ್ರತಿರೋಧ, ಎಣ್ಣೆಯಲ್ಲಿ ನೀರಿಗಿಂತ ಬಹಳ ಹೆಚ್ಚಾಗಿರುವುದರಿಂದ ಅದು ಕೊಳವೆಯೊಳಗೆ ಪದರಪದರವಾಗಿ ಜಾರುತ್ತದೆಯೇ ಹೊರತು ಕಲಕುವುದಿಲ್ಲ. ಗೋಡೆಗೆ ತಾಗಿದ ಪದರ ತಣ್ಣಗಾಗಿ ದಪ್ಪಗಟ್ಟಿ ನಿಂತರೆ ನಡುವಿನ ಬಿಸಿ ಎಣ್ಣೆ ತಣಿಯದೆಯೇ ದಾಟಿಹೋಗುತ್ತದೆ. ಒಳ್ಳೆಯ ಕೂಲರಿನ ಪ್ರತಿ ದಾರಿಯೊಳಗೂ ಎಣ್ಣೆಯನ್ನು ಕಲಕುವ ಸುಕ್ಕುಸುಕ್ಕಾದ ಲೋಹದ ಹಾಳೆಯನ್ನು ಇಟ್ಟಿರುವುದು ಇದಕ್ಕಾಗಿ. ಆ ಹಾಳೆಯೇ ಹರಿವಿಗೆ ತಡೆಯೂ ಆಗುತ್ತದೆ, ಮತ್ತು 13ಬಿ ಎಂಜಿನ್ನಿನಲ್ಲಿ ಪಂಪು ತಳ್ಳಿದ ಎಣ್ಣೆ ಕೂಲರನ್ನು ದಾಟಿಯೇ ಫಿಲ್ಟರಿಗೂ ಬೇರಿಂಗಿಗೂ ಹೋಗುವುದರಿಂದ ಕೂಲರಿನಲ್ಲಿ ಕಳೆದ ಒತ್ತಡ ಲೆಕ್ಕಕ್ಕೆ ಬರುತ್ತದೆ. ಒಂದು ದೊಡ್ಡ ಕೂಲರಿಗೆ ಜಾಗವಿಲ್ಲದೆ ಎರಡು ಚಿಕ್ಕವನ್ನು ಒಂದರ ಹಿಂದೆ ಒಂದರಂತೆ ಜೋಡಿಸಿದರೆ ಈ ನಷ್ಟ ಇಮ್ಮಡಿಯಾಗುತ್ತದೆ. ಅಕ್ಕಪಕ್ಕದಲ್ಲಿ ಜೋಡಿಸಿ ಎಣ್ಣೆಯನ್ನು ಹಂಚಿದರೆ ನಷ್ಟ ಇಳಿಯುತ್ತದಾದರೂ, ಚಳಿಯಲ್ಲಿ ಒಂದು ಕೂಲರಿನ ಎಣ್ಣೆ ದಪ್ಪಗಟ್ಟಿದರೆ ಹರಿವೆಲ್ಲ ಇನ್ನೊಂದರ ಪಾಲಾಗುತ್ತದೆ. ಹೋಸ್‌ಗಳಿಗೆ ಎಎನ್-10 ಅಳತೆಯವನ್ನು, ಅಂದರೆ ಸುಮಾರು 16 ಮಿಲಿಮೀಟರಿನವನ್ನು, ಬಳಸುವುದು ವಾಡಿಕೆ. ಚಿಕ್ಕ ವಿಮಾನಗಳಲ್ಲಿ ಕಾಣುವ ಎಎನ್-8 ಇಲ್ಲಿ ಕಿರಿದು. ಹೋಸಿನ ಮೇಲೆ ಬೆಂಕಿ ತಡೆಯುವ ತೋಳು ಇರಲೇಬೇಕು. ಒಂದು ಹೋಸ್ ಸೀಳಿದರೆ ಎಂಜಿನ್ನಿನ ಎಣ್ಣೆಯೆಲ್ಲ ಸ್ವಲ್ಪ ಹೊತ್ತಿನಲ್ಲೇ ಹೊರಚೆಲ್ಲಿಬಿಡುತ್ತದೆ. ಕೂಲರಿನ ಬಾಯಿಗಳು ಮೇಲ್ಮುಖವಾಗಿರಬೇಕು, ಕೆಳಮುಖವಾಗಿದ್ದರೆ ಒಳಗೆ ಸಿಕ್ಕಿದ ಗಾಳಿ ಹೊರಬರಲಾರದೆ ಅಷ್ಟು ಜಾಗ ವ್ಯರ್ಥವಾಗುತ್ತದೆ.

ಮಾರುಕಟ್ಟೆಯಲ್ಲಿ ಸಿಗುವವುಗಳಲ್ಲಿ, 1978ರಿಂದ 2002ರವರೆಗೆ ಮಾರಾಟವಾದ ಮಾಜ್ದಾದ ಆರ್‌ಎಕ್ಸ್-7 ಎಂಬ ರೋಟರಿ ಕಾರಿನ ಮೂಲ ಕೂಲರ್ ಗಟ್ಟಿಮುಟ್ಟಾದದ್ದು, ರೋಟರಿ ಎಂಜಿನ್ನಿಗೆಂದೇ ಮಾಡಿದ್ದು. ತಣ್ಣಗಿನ ಎಣ್ಣೆಯನ್ನು ಅಡ್ಡದಾರಿಯಲ್ಲಿ ಸಾಗಿಸುವ ಕವಾಟವೂ ಅದರಲ್ಲಿದೆ. ಆ ಕವಾಟ ಕೆಟ್ಟು ತೆರೆದೇ ಉಳಿದರೆ ಬಿಸಿ ಎಣ್ಣೆಯೂ ತಣಿಯದೆ ಹಾದುಹೋಗುವುದರಿಂದ, ಹಳೆಯದನ್ನು ಕೊಂಡವರು ಕವಾಟವನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಅದು ಚಲಿಸುತ್ತದೆಯೇ ಎಂದು ನೋಡಿಕೊಳ್ಳಬೇಕು. ರೇಸ್ ಕಾರುಗಳಿಗೆ ಬರುವ ತಟ್ಟೆಗಳ ಮೇಲೆ ತಟ್ಟೆ ಜೋಡಿಸಿದ ಬಗೆಯ ಕೂಲರುಗಳು ಹಗುರ, ಬೇಕಾದ ಅಳತೆಯಲ್ಲಿ ಸಿಗುತ್ತವೆ. ವಿಮಾನಕ್ಕೆಂದೇ ತಯಾರಾದವು ದುಬಾರಿ, ಆದರೆ ದಪ್ಪವೂ ಫಿನ್‌ಗಳ ಒತ್ತೊತ್ತೂ ವಿಮಾನದ ವೇಗಕ್ಕೆ ಹೊಂದುವಂತಿರುತ್ತವೆ. ಕಾರಿನ ಎ.ಸಿ.ಯ ಇವಾಪೊರೇಟರನ್ನು ಕೆಲವು ಹವ್ಯಾಸಿಗಳು ನೀರಿನ ರೇಡಿಯೇಟರಾಗಿ ಯಶಸ್ವಿಯಾಗಿ ಬಳಸಿದ್ದಾರಾದರೂ ಎಣ್ಣೆಗೆ ಅದು ಸಲ್ಲದು. ಚಳಿಯ ಬೆಳಗಿನಲ್ಲಿ ದಪ್ಪಗಟ್ಟಿದ ಎಣ್ಣೆಯನ್ನು ಪಂಪು ನೂಕುವ ರಭಸಕ್ಕೆಂದು ಅದನ್ನು ಕಟ್ಟಿರುವುದಿಲ್ಲ. ಎಣ್ಣೆಯ ಶಾಖವನ್ನು ನೀರಿಗೆ ದಾಟಿಸುವ ವಿನಿಮಯಕವೂ ಒಂದು ದಾರಿ: ಗಾಳಿಯ ಕೊಳವೆ ಒಂದೇ ಸಾಕು, ಎಣ್ಣೆ ಬೇಗ ಬೆಚ್ಚಗಾಗುತ್ತದೆ, ಆದರೆ ರೇಡಿಯೇಟರಿನ ಹೊರೆ ಅರ್ಧದಷ್ಟು ಹೆಚ್ಚುತ್ತದೆ ಮತ್ತು ನೀರಿಗಿಂತ ತಂಪಾಗಿ ಎಣ್ಣೆ ಎಂದೂ ಇರಲಾರದು. ಯಾವ ಬಗೆಯದನ್ನೇ ಆರಿಸಿದರೂ, ಕೆಟ್ಟುಹೋದ ಎಂಜಿನ್ನಿನಿಂದ ಬಿಚ್ಚಿದ ಕೂಲರನ್ನು ಮಾತ್ರ ಬಳಸಕೂಡದು. ಸವೆದ ಬೇರಿಂಗಿನ ಲೋಹದ ಚೂರುಗಳು ಒಳಗಿನ ಸುಕ್ಕು ಹಾಳೆಯಲ್ಲಿ ಸಿಕ್ಕಿಕೊಂಡು, ಎಷ್ಟು ತೊಳೆದರೂ ಬಾರದೆ, ಮುಂದೊಂದು ದಿನ ಹೊಸ ಎಂಜಿನ್ನಿನ ದಾರಿಗೆ ಬಿಡುಗಡೆಯಾಗುತ್ತವೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಅಂತಿಮ ಉತ್ತರ ಸಿಗುವುದು ಆಕಾಶದಲ್ಲೇ. ಪ್ರಮಾಣಪತ್ರವಿಲ್ಲದ ಎಂಜಿನ್ ಹೊತ್ತ ಹೋಮ್‌ಬಿಲ್ಟ್ ವಿಮಾನಕ್ಕೆ ಅಮೆರಿಕದಲ್ಲಿ ಸಾಮಾನ್ಯವಾಗಿ 40 ಗಂಟೆಗಳ ಪರೀಕ್ಷಾ ಹಾರಾಟವನ್ನು ನಿಗದಿಪಡಿಸಿದ ಪ್ರದೇಶದೊಳಗೆ ಮುಗಿಸುವ ಷರತ್ತಿರುತ್ತದೆ. ಆ ಅವಧಿಯಲ್ಲಿ ಕೂಲರಿನ ಒಳಬದಿಗೂ ಹೊರಬದಿಗೂ ಉಷ್ಣತಾ ಸಂವೇದಕಗಳನ್ನು ಕೂರಿಸಿ, ಪೂರ್ಣ ಶಕ್ತಿಯಲ್ಲಿ ಮೇಲೇರುತ್ತ ಎರಡೂ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಹೊರಗಿನ ಗಾಳಿ ಎಷ್ಟು ಡಿಗ್ರಿ ಏರುತ್ತದೆಯೋ ಎಣ್ಣೆಯೂ ಹೆಚ್ಚುಕಡಿಮೆ ಅಷ್ಟೇ ಏರುವುದರಿಂದ, 20 ಡಿಗ್ರಿಯ ದಿನ ಬೇರಿಂಗಿಗೆ ಹೋಗುವ ಎಣ್ಣೆ 90 ಡಿಗ್ರಿ ತೋರಿಸಿದರೆ 40 ಡಿಗ್ರಿಯ ದಿನ ಅದು 110 ಮುಟ್ಟುತ್ತದೆಂದು ತಿಳಿದು ಆಗಲೇ ಎಚ್ಚೆತ್ತುಕೊಳ್ಳಬೇಕು. ತೀರ ತಂಪಾದರೆ ಹೊರಬಾಯಿಯನ್ನು ಕಿರಿದಾಗಿಸುವುದು ಒಂದು ಮಧ್ಯಾಹ್ನದ ಕೆಲಸ. ತೀರ ಬಿಸಿಯಾದರೆ ಫೈಬರ್‌ಗ್ಲಾಸ್ ಕೌಲಿಂಗನ್ನು ಕೊಯ್ದು ಗಾಳಿಯ ದಾರಿಯನ್ನು ಮತ್ತೆ ಕಟ್ಟುವುದು ವಾರಗಟ್ಟಲೆಯ ಕೆಲಸ. ಆದ್ದರಿಂದ ಲೆಕ್ಕಕ್ಕೆ ಸಿಕ್ಕ ಅಳತೆಗಿಂತ ಒಂದು ಅಳತೆ ದೊಡ್ಡ ಕೂಲರಿಗೆ ಜಾಗ ಬಿಟ್ಟುಕೊಂಡೇ ಕೌಲಿಂಗಿನ ಅಚ್ಚು ತೆಗೆಯುವುದು ಲೇಸು.